ಹದಿಮೂರರ ಹಾಡುಗಳಿಗೆ ವಾಪಸ್ ಹೋಗುವುದು ಹೇಗೆ

ಹಿಟ್ ಹಾಡಿನಿಂದ ಶುರು ಮಾಡಬೇಡಿ. ಹನ್ನೆರಡು, ಹದಿಮೂರರ ವಯಸ್ಸಲ್ಲಿ ಹುಚ್ಚು ಹಿಡಿದ ಹಾಗೆ ಕೇಳುತ್ತಿದ್ದ ಪಾಪ್ ಹಾಡುಗಳನ್ನು ಮತ್ತೆ ಕೇಳಬೇಕು ಅನ್ನಿಸಿದಾಗ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ, ಮೊಬೈಲ್ ತೆಗೆದು ಅತಿ ಫೇಮಸ್ ಹಾಡು ಹಾಕುತ್ತಾರೆ. ಹಾಡು ಚೆನ್ನಾಗಿಯೇ ಇರುತ್ತದೆ. ಆದರೆ ಒಳಗೆ ಏನೂ ಅಲುಗಾಡುವುದಿಲ್ಲ. ಯಾಕೆಂದರೆ ಆ ಹಾಡನ್ನು ನೀವು ಯಾವತ್ತೂ ಬಿಟ್ಟೇ ಇಲ್ಲ. ಮದುವೆ ಮನೆಯಲ್ಲಿ ಕೇಳಿದ್ದೀರಿ, ಮಡಿಕೇರಿ ದಸರಾದ ರಾತ್ರಿ ಕೇಳಿದ್ದೀರಿ, ಕುಶಾಲನಗರದಲ್ಲಿ ಹತ್ತಿದ ಬಸ್ಸಲ್ಲಿ ಕೇಳಿದ್ದೀರಿ, ಪ್ರತಿ ಸಲವೂ ಇನ್ನೊಂದು ನೆನಪು ಅದಕ್ಕೆ ಅಂಟಿಕೊಂಡಿದೆ. ಅದೇ ಕ್ಯಾಸೆಟ್ಟಿನ ಬಿ ಸೈಡಿನ ಮೂರನೇ ಹಾಡು ಹಾಗಲ್ಲ. ಅದನ್ನು ಆಮೇಲೆ ಯಾರೂ ಎಲ್ಲೂ ಹಾಕಲಿಲ್ಲ, ನೀವೂ ಮರೆತಿರಿ. ಆ ವಯಸ್ಸಿನ ನೀವು ಇರುವುದು ಆ ಹಾಡಲ್ಲಿ.

ಈ ವಯಸ್ಸಿನ ಹಾಡುಗಳು ಇಷ್ಟು ಆಳಕ್ಕೆ ಇಳಿಯುವುದಕ್ಕೆ ಕಾರಣ ಇದೆ. ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಮನುಷ್ಯನಲ್ಲಿ ಉಳಿದವುಗಳಿಗಿಂತ ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ, ಅದನ್ನು ರೆಮಿನಿಸೆನ್ಸ್ ಬಂಪ್ ಎನ್ನುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರಮ್‌ಹ್ಯಾನ್ಸಲ್ 2013ರಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿಸಿದರು: ಯುವಕರಿಗೆ ತಮ್ಮ ಕಾಲದ ಹಾಡಿನ ಜೊತೆಗೆ ಅಪ್ಪ ಅಮ್ಮ ಹರೆಯದಲ್ಲಿದ್ದಾಗಿನ ಹಾಡುಗಳೂ ಹತ್ತಿರವಾಗಿರುತ್ತವೆ. ಮನೆಗೆ ಒಂದೇ ಟೇಪ್ ರೆಕಾರ್ಡರ್ ಇದ್ದ ನಮ್ಮ ಕಡೆಯವರಿಗೆ ಇದು ಆಶ್ಚರ್ಯ ಅಲ್ಲವೇ ಅಲ್ಲ. ಹಾಗಾಗಿ ಅಕ್ಕನ ಹಾಡು, ಮಾವನ ಹಾಡು ಅಂತ ಬೇರೆ ಮಾಡಬೇಡಿ, ಅವೂ ನಿಮ್ಮವೇ.

ಮೊದಲ ಕೆಲಸ ಪಟ್ಟಿ. ಮೊಬೈಲ್ ದೂರ ಇಟ್ಟು ಕಾಗದದ ಮೇಲೆ ಬರೆಯಿರಿ. ಯಾವ ವರ್ಷ ಏನು ಕೇಳುತ್ತಿದ್ದೆ ಎಂದು ನೇರವಾಗಿ ಕೇಳಿಕೊಂಡರೆ ತಲೆ ಖಾಲಿ ಆಗುತ್ತದೆ, ಅದಕ್ಕೇ ಊರಿನ ಘಟನೆಗಳನ್ನು ಹಿಡಿದುಕೊಂಡು ಹೋಗಿ. ಕೊಡವ ಕುಟುಂಬಗಳ ಹಾಕಿ ಆಟದ ಹಬ್ಬ ಕೊಡಗಿನ ಕರಡ ಎಂಬ ಊರಲ್ಲಿ ಮೊದಲ ಸಲ ನಡೆದದ್ದು 1997ರಲ್ಲಿ. ಆಗ ನೀವು ಎಷ್ಟನೇ ಕ್ಲಾಸು, ಶಾಲೆಗೆ ಯಾರ ಜೊತೆ ಹೋಗುತ್ತಿದ್ದಿರಿ, ಟೇಪ್ ಯಾರ ಮನೆಯಲ್ಲಿತ್ತು? ಆಮೇಲೆ ಹಾಡಿನ ವರ್ಷಗಳನ್ನು ಅದರ ಪಕ್ಕ ಇಡಿ. ಅಲಿಶಾ ಚಿನಾಯ್ ಅವರ ಮೇಡ್ ಇನ್ ಇಂಡಿಯಾ 1995, ಲಕ್ಕಿ ಅಲಿಯ ಸುನೋ 1996, ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ ಮಿಲೇನಿಯಂ 1999, ಸ್ವಲ್ಪ ಚಿಕ್ಕವರಾದರೆ 2006ರ ಕೊನೆಗೆ ಬಂದ ಮುಂಗಾರು ಮಳೆ. ನಮ್ಮ ಊರುಗಳಿಗೆ ಕ್ಯಾಸೆಟ್ ತಲುಪುವುದು, ಅದು ಕೈಯಿಂದ ಕೈಗೆ ದಾಟಿ ನಿಮ್ಮ ಹತ್ತಿರ ಬರುವುದು ಎಷ್ಟೋ ಸಲ ಒಂದೆರಡು ವರ್ಷ ತಡ ಆಗುತ್ತಿತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಕೆಲಸ ಇದೆ, ಇದನ್ನು ಹಾಡು ಕೇಳುವ ಮೊದಲೇ ಮಾಡಬೇಕು. ನೆನಪಿರುವ ಸಾಲುಗಳನ್ನು ಆಗ ಹೇಗೆ ಹಾಡುತ್ತಿದ್ದಿರೋ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿಡಿ. ಇಂಗ್ಲಿಷ್ ಹಾಡು, ಹಿಂದಿ ಹಾಡು ಎಲ್ಲವನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಾಗೇ ಅಲ್ವಾ ಬರೆದುಕೊಳ್ಳುತ್ತಿದ್ದುದು? ಅರ್ಥ ಗೊತ್ತಿಲ್ಲದೆ, ಕಿವಿಗೆ ಬಿದ್ದ ಹಾಗೆ. ಇಂಟರ್ನೆಟ್ಟಲ್ಲಿ ಸರಿಯಾದ ಸಾಹಿತ್ಯ ಒಮ್ಮೆ ಓದಿಬಿಟ್ಟರೆ ಆ ನಿಮ್ಮ ಸಾಲು ಹೋಯಿತು, ಮತ್ತೆ ಸಿಗುವುದಿಲ್ಲ. ನನಗೆ ಅದು ತಪ್ಪು ಸಾಲು ಅನ್ನಿಸುವುದೇ ಇಲ್ಲ, ಒಂದು ಮಗು ಒಂದು ಹೊಸ ಭಾಷೆಯನ್ನು ಬರೀ ಪ್ರೀತಿಯಿಂದ ಹಿಡಿಯಲು ನೋಡಿದ ಗುರುತು ಅದು.

ಈಗ ಕ್ಯಾಸೆಟ್. ಮನೆಯ ಅಟ್ಟದಲ್ಲಿ ಒಂದು ಡಬ್ಬ ಇನ್ನೂ ಇದ್ದರೆ ನೀವು ಪುಣ್ಯವಂತರು, ಆದರೆ ತೆಗೆದ ಕೂಡಲೇ ಪ್ಲೇಯರಿಗೆ ಹಾಕಬೇಡಿ. ಕೊಡಗಿನ ಮಳೆಗಾಲದ ತೇವ ಕ್ಯಾಸೆಟ್ಟಿಗೆ ದೊಡ್ಡ ಶತ್ರು. ಕ್ಯಾಸೆಟ್ಟಿನ ಕಿಟಕಿಯಂಥ ಜಾಗದಲ್ಲಿ ಕಾಣುವ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಪುಡಿಯೋ ಬಲೆಯೋ ಕಂಡರೆ ಅದು ಬೂಷ್ಟು. ಅದನ್ನು ಹಾಗೇ ಹಾಕಿದರೆ ಪ್ಲೇಯರಿನ ಹೆಡ್ಡಿಗೂ, ಅಂದರೆ ಟೇಪನ್ನು ಓದುವ ಭಾಗಕ್ಕೂ ಹತ್ತುತ್ತದೆ, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟಿಗೂ ಹೋಗುತ್ತದೆ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ, ಕಣದಲ್ಲಿ ಕಾಫಿ ಒಣಗುವ ದಿನಗಳು. ಹಾಗಂತ ಕ್ಯಾಸೆಟ್ಟನ್ನು ಬಿಸಿಲಿಗೆ ಇಡಬೇಡಿ, ಬಿಸಿಗೆ ಟೇಪ್ ಹಾಳಾಗುತ್ತದೆ. ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಂದು ವಾರ ಮುಚ್ಚಿಡಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಪೆನ್ಸಿಲ್ಲಿಂದ ನಿಧಾನವಾಗಿ ಒಂದು ಸುತ್ತು ಮುಂದಕ್ಕೆ, ಒಂದು ಸುತ್ತು ಹಿಂದಕ್ಕೆ ಸುತ್ತಿ. ಸುರುಳಿಗಳು ಒಂದಕ್ಕೊಂದು ಅಂಟಿದ್ದರೆ ಬಿಡಿಸಿಕೊಳ್ಳುತ್ತವೆ. ಬಲವಂತ ಮಾಡಬೇಡಿ.

ಟೇಪಿನ ಹಿಂದೆ ಒಂದು ಪುಟ್ಟ ಫೆಲ್ಟ್ ತುಂಡು ಇರುತ್ತದೆ, ಅದು ಬಿದ್ದುಹೋಗಿದ್ದರೆ ಸ್ವರ ಮಂಕಾಗಿ ಕೇಳುತ್ತದೆ. ಬೇಡದ ಕ್ಯಾಸೆಟ್ಟಿಂದ ತೆಗೆದು ಅಂಟಿಸಬಹುದು. ಟೇಪ್ ತುಂಡಾಗಿದ್ದರೆ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಸೋರಿ ಪಕ್ಕದ ಸುತ್ತಿಗೂ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪ್ ಎಂದೇ ಬೇರೆ ಸಿಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಿ, ಪ್ರತಿ ಹಳೆಯ ಕ್ಯಾಸೆಟ್ ಆದ ಮೇಲೆ ಮತ್ತೆ ಒರೆಸಿ. ನನ್ನ ಮಾತು ಕೇಳುವುದಾದರೆ, ಈಗ ಆನ್‌ಲೈನಲ್ಲಿ ಸಿಗುವ ಅಗ್ಗದ ಪ್ಲೇಯರುಗಳಿಗಿಂತ ಮನೆಯ ಹಳೆಯ ಟೇಪ್ ರೆಕಾರ್ಡರಿಗೆ ಹೊಸ ರಬ್ಬರ್ ಬೆಲ್ಟ್ ಹಾಕಿಸುವುದು ಒಳ್ಳೆಯದು. ಅಗ್ಗದವುಗಳಲ್ಲಿ ವೇಗ ನಿಲ್ಲುವುದಿಲ್ಲ, ಸ್ವರ ತೇಲಾಡುತ್ತದೆ.

ವೇಗದ ಮಾತು ಬಂತು, ಇದನ್ನು ಹೇಳಲೇಬೇಕು. ಎಷ್ಟೋ ಜನ ಈಗಿನ ಆಪ್‌ನಲ್ಲಿ ಹಾಡು ಹಾಕಿ 'ಇದು ಆ ಹಾಡಲ್ಲ' ಎಂದು ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಇಳಿದ ಬ್ಯಾಟರಿಯಲ್ಲಿ ಟೇಪ್ ನಿಧಾನ ಓಡುತ್ತಿತ್ತು, ಹಾಡು ತಗ್ಗಿದ ಶ್ರುತಿಯಲ್ಲೇ ನಿಮ್ಮ ಕಿವಿಗೆ ಕೂತಿದೆ. ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಇಳಿಸುವುದಾದರೆ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್, ಇಷ್ಟು ಸಾಕು. ಅದರಲ್ಲೇ ವೇಗವನ್ನು ಸ್ವಲ್ಪ ಇಳಿಸಿ ನೋಡಬಹುದು. ಮೊದಲು ವೇವ್ ಫೈಲ್ ಆಗಿ ಉಳಿಸಿ, ಹಾಡು ಹಾಡಾಗಿ ಕತ್ತರಿಸಬೇಡಿ. ಒಂದು ಸೈಡ್ ಒಂದು ಫೈಲ್. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಸೈಡ್ 30 ನಿಮಿಷ, ಅಂಗಡಿಗೆ ಲಿಸ್ಟ್ ಕೊಟ್ಟು ತುಂಬಿಸಿಕೊಂಡ ಕ್ಯಾಸೆಟ್ ಆದರೆ ಕೊನೆಯ ಹಾಡು ಅರ್ಧಕ್ಕೇ ನಿಂತಿರುತ್ತದೆ. ಅದು ಹಾಗೇ ಇರಲಿ. ಒಂದು ಹಾಡು ಮುಗಿಯುವಾಗಲೇ ಮುಂದಿನ ಹಾಡು ತಲೆಯಲ್ಲಿ ಶುರುವಾಗುತ್ತದಲ್ಲ, ಆ ಸಾಲುಕ್ರಮವೇ ಅರ್ಧ ನೆನಪು.

ಕ್ಯಾಸೆಟ್ ಇಲ್ಲದವರು ಜಾಸ್ತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಯನ್ನೇ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ, ಅವರಿಗೆ ಹಾಡಿನ ಡಬ್ಬ ಎಲ್ಲಿಂದ ಬರಬೇಕು. ಅಂಥವರು ಜೊತೆಗೆ ಕೇಳಿದವರನ್ನು ಹಿಡಿಯಿರಿ. ಅಣ್ಣ ತಂಗಿ, ಹಾಸ್ಟೆಲ್ ಗೆಳತಿ, ಪಕ್ಕದ ತೋಟದ ಹುಡುಗ. ಒಬ್ಬರಿಗೆ ಎರಡನೇ ಹಾಡು ನೆನಪಿರುತ್ತದೆ, ಇನ್ನೊಬ್ಬರಿಗೆ ಕವರಿನ ಬಣ್ಣ. ಸಾಲುಕ್ರಮ ಸಿಕ್ಕಿದ ಮೇಲೆ ಆಪ್‌ನಲ್ಲಿ ಅದೇ ಕ್ರಮದಲ್ಲಿ ಜೋಡಿಸಿ, ಶಫಲ್ ಆಫ್ ಮಾಡಿ. ಹಾಡು ಹುಡುಕುವಾಗ ಆಲ್ಬಮ್ಮಿನ ವರ್ಷ ನೋಡಿ. ನಿಧಾನ ಮಾಡಿ ಮಂಕಾಗಿಸಿದ ಲೋಫೈ, ರೀಮಿಕ್ಸ್, ಇನ್ಯಾರೋ ಹಾಡಿದ್ದು, ಇವು ಬೇಡ. ತೋಟದ ಒಳಗೆ ನೆಟ್‌ವರ್ಕ್ ನಂಬಬೇಡಿ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಕೇಳುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಡೆಯುತ್ತಾ ಕೇಳುವ ಆಸೆ ಆಗುತ್ತದೆ, ಆದರೆ ಸಿದ್ದಾಪುರ, ಬಾಳೆಲೆ ಕಡೆಯವರು ಬೆಳಗ್ಗೆ ಸಂಜೆ ತೋಟದ ದಾರಿಯಲ್ಲಿ ಇಯರ್‌ಫೋನ್ ಹಾಕಲೇಬೇಡಿ, ಆನೆ ಹತ್ತಿರ ಬಂದರೂ ಕೇಳಿಸುವುದಿಲ್ಲ. ಮನೆಯಲ್ಲೇ ಕೂರಿ. ಒಂದು ಸೈಡ್ ಪೂರ್ತಿ ಕೇಳಿ, ನಿಲ್ಲಿಸಿ, ನೆನಪಾದದ್ದನ್ನು ತಕ್ಷಣ ಬರೆಯಿರಿ. ಮೊದಲ ಸಲ ಬರುವುದು ಎರಡನೇ ಸಲ ಬರುವುದಿಲ್ಲ. ಇಷ್ಟವಾಯಿತು ಅಂತ ಅದನ್ನೇ ದಿನಾ ಹಾಕಿಕೊಂಡರೆ ಅದೂ ಹಿಟ್ ಹಾಡಿನ ಹಾಗೆ ಸಪ್ಪೆ ಆಗುತ್ತದೆ.

ಕೆಲವು ಹಾಡುಗಳ ಮಾತು ಈಗ ಕೇಳಿದರೆ ಬೇಸರ ಆಗುತ್ತದೆ, ಹುಡುಗಿಯರನ್ನು ಕೀಳಾಗಿ ಕಾಣುವವು ಬೇಕಾದಷ್ಟಿವೆ. ಆ ಬೇಸರವನ್ನೂ ಬರೆದಿಡಿ. ಆದರೆ ಹಾಡು ಇಷ್ಟಪಟ್ಟ ಆ ಮಗುವನ್ನು ಬೈಯಬೇಡಿ.

ಎಲ್ಲ ಮುಗಿದ ಮೇಲೆ ಫೈಲಿಗೆ ಹೆಸರು ಹಾಕಿ: ಕ್ಯಾಸೆಟ್, ಸೈಡ್, ವರ್ಷ, ಯಾರ ಮನೆಯದು. ಎರಡು ಪ್ರತಿ ಮಾಡಿ, ಒಂದನ್ನು ಮೈಸೂರಲ್ಲೋ ಬೆಂಗಳೂರಲ್ಲೋ ಇರುವ ನೆಂಟರ ಹತ್ತಿರ ಇಡಿ. ಮಳೆಗಾಲ ಶುರುವಾಗುವ ಮೊದಲೇ ಕಳಿಸಿ.