ಕಟಿಂಗ್ ಅಣ್ಣನ ಅರ್ಧ ಬ್ಲೇಡು

ತೀರ್ಥಹಳ್ಳಿ, ಹೊಸನಗರದ ಕಡೆ ಆರೋಗ್ಯ ಸಹಾಯಕನಾಗಿ ಮನೆಮನೆ ತಿರುಗಿ ನಿವೃತ್ತನಾದವನು ನಾನು. ಆಮೇಲೆ ಮಲೆನಾಡಿನ ಒಂದು ಜೈಲಿನಲ್ಲಿ, ಹೆಪಟೈಟಿಸ್, ಅಂದರೆ ಲಿವರಿಗೆ ತಗಲುವ ವೈರಸ್ ಕಾಯಿಲೆಯ ಬಗ್ಗೆ ಬಂಧಿಗಳಿಗೆ ಬಂಧಿಗಳೇ ತಿಳಿಹೇಳುವಂತೆ ತಯಾರು ಮಾಡುವ ಕೆಲಸಕ್ಕೆ ಕೈಹಾಕಿದೆ. ಮೊದಲ ದಿನ ಚಾರ್ಟು ತೂಗುಹಾಕಿ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಸೊರಬದ ಕಡೆಯ ಹುಡುಗನೊಬ್ಬ ಎದ್ದು, 'ಸಾರ್, ಇದೂ ಮಂಗನ ಕಾಯಿಲೆ ಥರ ಉಣುಗು ಕಚ್ಚಿ ಬರುತ್ತಾ?' ಅಂದ. ಎಲ್ಲರೂ ನಕ್ಕರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಕಾಣಿಸಿಕೊಂಡಲ್ಲಿಂದ ಆ ಸೀಮೆಯವರಿಗೆ ರೋಗ ಅಂದರೆ ಮೊದಲು ಕಾಡೇ ನೆನಪಾಗೋದು. ದಂಡವಾಗಿದ್ದು ನನ್ನ ಮುಕ್ಕಾಲು ಗಂಟೆ.

ಇನ್ನೊಂದು ತೊಡಕು 'ಕಾಮಾಲೆ' ಅನ್ನುವ ಮಾತಿನದ್ದೇ. ಕೆಟ್ಟ ನೀರು, ಊಟದಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತದಿಂದಲೂ ಲೈಂಗಿಕ ಸಂಪರ್ಕದಿಂದಲೂ ಹರಡುವ ಬಿ, ಮುಖ್ಯವಾಗಿ ರಕ್ತದಿಂದಲೇ ಹರಡುವ ಸಿ, ನಮ್ಮಲ್ಲಿ ಎಲ್ಲಕ್ಕೂ ಅದೊಂದೇ ಹೆಸರು. ಎಲ್ಲಕ್ಕೂ ಅದೇ ನೆಲನೆಲ್ಲಿ ರಸ, ಅದೇ ಪಥ್ಯ, ಕೆಲವು ಕಡೆ ತೋಳಿಗೆ ಬರೆ. ಬಿ, ಸಿ ಕಣ್ಣು ಹಳದಿ ಮಾಡದೆಯೇ ವರ್ಷಗಟ್ಟಲೆ ಲಿವರ್ ತಿನ್ನುತ್ತಾ ಇರಬಲ್ಲವು ಅಂದರೆ, 'ಕಣ್ಣು ಬೆಳ್ಳಗೇ ಇದೆಯಲ್ಲ ಸಾರ್' ಅಂತ ರೆಪ್ಪೆ ಎಳೆದು ತೋರಿಸೋರು. ಕೊನೆಗೆ ನೀರಿನ ಕಾಮಾಲೆ, ನೆತ್ತರಿನ ಕಾಮಾಲೆ ಅಂತ ಎರಡು ಹೆಸರು ಮಾಡಿಕೊಂಡೆವು.

ತರಬೇತಿಗೆ ಮೊದಲು ಆರಿಸಿದ್ದು ಓದು ಬಲ್ಲವರನ್ನು. ಪಿಯುಸಿ, ಡಿಗ್ರಿ ಆದವರು. ಚೆನ್ನಾಗಿ ಒಪ್ಪಿಸೋರು, ಆದರೆ ಬ್ಯಾರಕ್ಕಿನಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ಎಲ್ಲರೂ ತಲೆ ಕೊಡುತ್ತಿದ್ದದ್ದು ಒಬ್ಬನಿಗೇ. ಅವನು ಕ್ಷೌರ ಮಾಡುವ ಸಜಾಬಂದಿ. 'ಕಟಿಂಗ್ ಅಣ್ಣ' ಅಂತಲೇ ಅವನ ಹೆಸರು. ಓದು ಮೂರನೇ ಕ್ಲಾಸು.

ಒಂದು ಬೆಳಿಗ್ಗೆ ಅವನ ಪಕ್ಕ ಕೂತು ನೋಡಿದೆ. ಬ್ಲೇಡನ್ನು ಕಾಗದದ ಸಮೇತ ಮಡಚಿ, ಟಕ್ ಅಂತ ಎರಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸಿದ. ಒಬ್ಬನ ಗಡ್ಡ ಮುಗಿಯಿತು, ಗದ್ದದಲ್ಲಿ ಸಾಸಿವೆಯಷ್ಟು ರಕ್ತ. ಬ್ಲೇಡನ್ನು ತೊಡೆ ಮೇಲಿನ ಟವೆಲ್ಲಿಗೆ ಎರಡು ಸಲ ಒರೆಸಿದ, ಮುಂದಿನವನು ಕೂತ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಜೀವ ಹಿಡಿದಿರುತ್ತದೆ ಅಂತ ಅವತ್ತು ಅವನಿಗೊಬ್ಬನಿಗೇ ಹೇಳಿದೆ. ಅವನು ಟವೆಲ್ ಬಿಡಿಸಿ ನೋಡಿದ. 'ನಮ್ಮನೇಲಿ ಅಡಿಕೆ ಸುಲಿಯುವಾಗ ಒಬ್ಬರ ಕೈ ಕುಯ್ದ ಮೆಟ್ಟುಗತ್ತೀನ ತೊಳೀದೆ ಇನ್ನೊಬ್ಬರು ಮುಟ್ಟೋದಿಲ್ಲ ಸಾರ್. ಇಲ್ಲಿ ನಾನೇ ಹಿಂಗೆ ಮಾಡ್ತಾ ಇದೀನಲ್ಲ' ಅಂದ. ಮೆಟ್ಟುಗತ್ತಿಯ ಮಾತು ನನ್ನ ಯಾವ ಚಾರ್ಟಿನಲ್ಲೂ ಇರಲಿಲ್ಲ. ಆಮೇಲೆ ಎಲ್ಲ ಬ್ಯಾರಕ್ಕಿನಲ್ಲೂ ಓಡಿದ್ದು ಅದೇ. ಅಧಿಕಾರಿಗಳಿಗೆ ಹೇಳಿ ಬ್ಲೇಡು ಹೆಚ್ಚು ತರಿಸಿದೆವು. ತಲೆಗೊಂದು ಹೊಸ ಅರ್ಧ ಬ್ಲೇಡು, ಮುಗಿದದ್ದು ಎಣಿಸಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ. ಜೈಲಲ್ಲವೇ, ಎಣಿಕೆ ತಪ್ಪುವ ಹಾಗಿಲ್ಲ.

ದೊಡ್ಡ ತಪ್ಪು ಮಾಡಿದ್ದು ನಾನೇ. ಬೆರಳು ಚುಚ್ಚಿ ಪರೀಕ್ಷೆ ಮಾಡಿದ ದಿನ, ಅವಸರದಲ್ಲಿ ಒಬ್ಬನ ಹೆಸರು ಜೋರಾಗಿ ಕೂಗಿ 'ನೀನು ಮಾತ್ರ ಉಳ್ಕೋ' ಅಂದುಬಿಟ್ಟೆ. ಸಂಜೆಯೊಳಗೆ ಅವನ ತಟ್ಟೆ, ಲೋಟ ಬಾಗಿಲ ಬಳಿ ಬೇರೆಯಾಗಿ ಕೂತಿದ್ದವು. ಬಿ ಆಗಲಿ ಸಿ ಆಗಲಿ ತಟ್ಟೆಯಿಂದ, ಒಟ್ಟಿಗೆ ಉಣ್ಣುವುದರಿಂದ, ಸೊಳ್ಳೆಯಿಂದ ಹರಡುವುದಿಲ್ಲ ಅಂತ ನಾನು ಎಷ್ಟು ಬಡಬಡಿಸಿದರೂ ಆಗದ್ದನ್ನು ಕಟಿಂಗ್ ಅಣ್ಣ ಮಾಡಿದ. ಆ ತಟ್ಟೆಯಲ್ಲೇ ಅನ್ನ ಸಾರು ಹಾಕಿಸಿಕೊಂಡು ಎಲ್ಲರ ನಡುವೆ ಕೂತು ಉಂಡ. ನನ್ನನ್ನು ಮಾತ್ರ ಮೂಲೆಗೆ ಕರೆದು, 'ಫಲಿತಾಂಶ ಹೇಳೋವಾಗ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೀರಿ, ಇಲ್ಲದೋರನ್ನೂ ಅಷ್ಟೇ ಹೊತ್ತು ಕೂರಿಸಿ' ಅಂದ. ಅಲ್ಲಿಂದ ಹಾಗೇ ಮಾಡಿದೆ. ಆ ಹುಡುಗನ ಕ್ಷಮೆ ಕೇಳಿದೆ. ಅವನದು ಸಿ. ಎರಡನೇ ಪರೀಕ್ಷೆಯಲ್ಲಿ ರಕ್ತದಲ್ಲಿ ವೈರಸ್ ಇರೋದು ಖಚಿತವಾಯಿತು. ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ.

ಬಿಗೆ ಲಸಿಕೆ ಇದೆ. ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಸಲ. ವಿಚಾರಣಾಧೀನರಿಗೆ ಅಷ್ಟರೊಳಗೆ ಜಾಮೀನು ಸಿಕ್ಕಿರುತ್ತದೆ. ಅದಕ್ಕೆ ಒಂದು ಚೀಟಿ ಮಾಡಿದೆವು: ಲಸಿಕೆಯ ಹೆಸರು, ಹಾಕಿದ ತಾರೀಕು, ಮುಂದಿನ ತಾರೀಕು. ಜೈಲಿನ ಹೆಸರು, ಮೊಹರು ಯಾವುದೂ ಬೇಡ. ಊರಿನ ಆಸ್ಪತ್ರೆಯಲ್ಲಿ ಜೈಲಿನ ಹೆಸರಿರುವ ಚೀಟಿ ಯಾರು ತಾನೆ ತೋರಿಸುತ್ತಾರೆ? ತಡವಾದರೂ ಮೊದಲಿನಿಂದ ಹಾಕಿಸಬೇಕಿಲ್ಲ, ಉಳಿದದ್ದು ಹಾಕಿಸಿದರೆ ಸಾಕು ಅಂತಲೂ ಬರೆದೆವು.

ಹಚ್ಚೆ ಮಾತ್ರ ನಿಲ್ಲಲಿಲ್ಲ. ಒಂದೇ ಸೂಜಿ, ಪೆನ್ನಿನ ಇಂಕು, ರಾತ್ರಿ ಹೊತ್ತು. ಯಾರು ಹಾಕೋದು ಅಂತ ಕಟಿಂಗ್ ಅಣ್ಣನನ್ನು ಕೇಳಿದೆ. ನಕ್ಕ, ಹೇಳಲಿಲ್ಲ. ಮುಂದಿನ ಮಂಗಳವಾರ ತರಬೇತಿಗೆ ಬರುವಾಗ ಜೊತೆಗೊಬ್ಬನನ್ನು ಕರೆತಂದ. ತೆಳ್ಳನೆಯ ಆಳು, ಎಡ ಮುಂಗೈ ತುಂಬ ಹಚ್ಚೆ. ನಾನೇನೂ ಕೇಳಲಿಲ್ಲ. ಚಾಪೆಯ ಮೇಲೆ ಒತ್ತರಿಸಿಕೊಂಡು ಜಾಗ ಕೊಟ್ಟೆ.