ಪಿನ್‌ಕೋಡ್ ಒಡೆಯುವುದು ಹೇಗೆ?

ವಿಜಯಪುರದ ಅಂಚೆ ಕಚೇರಿಯಲ್ಲಿ ಪಾಳಿ ಹಚ್ಚಿ ನಿಂತಿದ್ದೆ. ಕೈಯಲ್ಲಿದ್ದ ಲಕೋಟೆಯ ಮೇಲೆ 586101. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಂದಿನಿಂದ ಬರೆಯುತ್ತಲೇ ಇದ್ದೇವೆ, ಆದರೆ ಅದೂ ಒಂದು ಸಂಖ್ಯೆ ಅಂತ ಯಾರೂ ನೋಡುವುದಿಲ್ಲ, ಅಲ್ವಾ? ಐದು ಲಕ್ಷ ಎಂಬತ್ತಾರು ಸಾವಿರದ ನೂರಾ ಒಂದು. ಇದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯೋಣ. ಪೆನ್ನು ಮತ್ತು ಒಂದು ರದ್ದಿ ಹಾಳೆ ಸಾಕು.

ಮೊದಲು ಸುಲಭದ್ದು. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳನ್ನು ಕೂಡಿಸಿ: 21. ಅದು 3ರ ಮಗ್ಗಿಯಲ್ಲಿದೆ, ಆದ್ದರಿಂದ ಇಡೀ ಸಂಖ್ಯೆಯೂ 3ಕ್ಕೆ ಸಿಗುತ್ತದೆ. ಭಾಗಿಸಿದರೆ 195367. ಇದರ ಅಂಕಿಗಳ ಮೊತ್ತ 31. ಅಲ್ಲಿಗೆ 3ರ ಕೆಲಸ ಮುಗಿಯಿತು.

ಈಗ 7, 11, 13. ಒಂದೊಂದಾಗಿ ಭಾಗಿಸಬೇಡಿ. ಈ ಮೂರನ್ನೂ ಗುಣಿಸಿದರೆ 1001. ಯಾವುದೇ ಮೂರಂಕಿಯನ್ನು 1001ರಿಂದ ಗುಣಿಸಿದರೆ ಅದೇ ಎರಡು ಸಲ ಬರುತ್ತದೆ: 195195. ನಮ್ಮ ಸಂಖ್ಯೆ ಅದಕ್ಕಿಂತ 172 ಜಾಸ್ತಿ. ಹಾಗಾದರೆ 172 ಒಂದನ್ನೇ ನೋಡಿದರೆ ಆಯ್ತು. 7ಕ್ಕೆ ಶೇಷ 4, 11ಕ್ಕೆ 7, 13ಕ್ಕೆ 3. ಮೂರೂ ಇಲ್ಲ. ಗೋಳಗುಮ್ಮಟದ ದನಿ ಏಳು ಸಲ ಮರಳುತ್ತದೆ ಎನ್ನುತ್ತಾರೆ; ಊರಿನ ಪಿನ್‌ಕೋಡ್ ಮಾತ್ರ 7ಕ್ಕೆ ಬಗ್ಗಲಿಲ್ಲ.

ಮುಂದೆ ಅಡ್ಡದಾರಿ ಇಲ್ಲ. 17, 19, 23 ಎಂದು ಅವಿಭಾಜ್ಯಗಳಿಂದ ಭಾಗಿಸುತ್ತಲೇ ಹೋಗಬೇಕು. ಎಲ್ಲಿಯವರೆಗೆ? 442ನ್ನು 442ರಿಂದ ಗುಣಿಸಿದರೆ 195364, ಬರೀ 3 ಕಡಿಮೆ. ಒಡೆದ ಎರಡು ತುಂಡೂ 442ಕ್ಕಿಂತ ದೊಡ್ಡವಾಗಿದ್ದರೆ ಗುಣಲಬ್ಧ 195367 ದಾಟಿಬಿಡುತ್ತದೆ. ಹಾಗಾಗಿ 442 ನಮ್ಮ ಗಡಿ. ಅಷ್ಟು ದೂರ ಹೋಗಬೇಕಾಗಲಿಲ್ಲ. ಹದಿನಾರನೇ ಭಾಗಾಕಾರಕ್ಕೆ, 79ಕ್ಕೆ, ಶೇಷ ಸೊನ್ನೆ! ಉಳಿದದ್ದು 2473.

ಇಲ್ಲಿ ನಾನು ದಡ್ಡತನ ಮಾಡಿದೆ. 2473 ಒಡೆಯುತ್ತದಾ ಅಂತ ಮತ್ತೆ 7ರಿಂದ ಶುರು ಮಾಡಿದೆ. ಅದು ಬೇಕೇ ಇರಲಿಲ್ಲ. 2473ನ್ನು ಭಾಗಿಸುವುದು 195367ನ್ನೂ ಭಾಗಿಸಲೇಬೇಕು, ಮತ್ತು 79ಕ್ಕಿಂತ ಚಿಕ್ಕವೆಲ್ಲ ಆಗಲೇ ಸೋತಿವೆ. 50ರ ವರ್ಗವೇ 2500. ಹಾಗಾಗಿ 2473 ಅವಿಭಾಜ್ಯ.

586101 = 3 × 79 × 2473. ಭಾಜಕಗಳು ಒಟ್ಟು ಎಂಟು. 586101ನ್ನೇ ಬಿಟ್ಟು ಉಳಿದ ಏಳನ್ನು ಕೂಡಿಸಿದರೆ 205579. ಸಂಖ್ಯೆಯ ಅರ್ಧವೂ ಆಗಲಿಲ್ಲ.

ಪಾಳಿ ಇನ್ನೂ ಉದ್ದ ಇತ್ತು. ಸುಮ್ನೆ ಬಾಗಲಕೋಟೆಯದನ್ನೂ ಹಿಡಿದೆ: 587101, ನಮ್ಮದಕ್ಕಿಂತ ಸರಿಯಾಗಿ 1000 ಜಾಸ್ತಿ. ಇದು ಹಟಮಾರಿ. 37ರಿಂದ ಭಾಗಿಸಿದರೆ ಶೇಷ 22. 41ಕ್ಕೂ 22. 43ಕ್ಕೂ 22! ಲೆಕ್ಕ ತಪ್ಪಿತೇನೋ ಎಂದು ಎರಡು ಸಲ ಮಾಡಿದೆ. ತಪ್ಪಿರಲಿಲ್ಲ. 37, 41, 43ನ್ನು ಗುಣಿಸಿ, ಬಂದದ್ದನ್ನು ಮತ್ತೆ 9ರಿಂದ ಗುಣಿಸಿದರೆ 587079. ಅದಕ್ಕೆ 22 ಸೇರಿಸಿದರೆ ಬಾಗಲಕೋಟೆ. ಇದರ ಗಡಿ 766. ನಾನು 53 ಮುಟ್ಟುವಷ್ಟರಲ್ಲಿ ಕೌಂಟರ್‌ನಿಂದ ಕೂಗು ಬಂತು.