ಗುಂಡು ಒಳಗೆ ಹೋಯ್ತು ಅಂದರೆ ಸರಿಹೊಂದಿತು ಅಂತಲ್ಲ

ಶೂಟಿಂಗ್ ರೇಂಜ್‌ಗೆ ಹೊಸದಾಗಿ ಬರುವವರು ಕಾಡತೂಸು ಸರಿಯಿದೆಯಾ ಅಂತ ನೋಡುವ ರೀತಿ ಒಂದೇ. ರಿವಾಲ್ವರಿನ ಸಿಲಿಂಡರ್‌ಗೆ, ಅಂದರೆ ಕಾಡತೂಸು ಕೂರುವ ತೂತುಗಳಿರುವ ತಿರುಗುವ ಉರುಳೆಗೆ, ಹಾಕುತ್ತಾರೆ. ಹೋದರೆ ಮುಚ್ಚಿ ಗುರಿ ಹಿಡಿಯುತ್ತಾರೆ. ಹೋಗದಿದ್ದರೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಹೀಗೆ ಒತ್ತುವವರನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿರುವುದು. ಆ ತೂತಿಗೆ, ಅಂದರೆ ಚೇಂಬರ್‌ಗೆ, ಗೊತ್ತಾಗುವುದು ಕಾಡತೂಸಿನ ಅಗಲ ಮತ್ತು ಉದ್ದ ಮಾತ್ರ. ಒಳಗಿನ ಮದ್ದು ಎಷ್ಟು ಒತ್ತಡ ಹುಟ್ಟಿಸುತ್ತದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ನಾವೇ ಓದಿಕೊಳ್ಳಬೇಕು.

1. ಎರಡು ಬರಹ ಓದಿ

ಒಂದು ಬ್ಯಾರೆಲ್ ಮೇಲಿದೆ, ಇನ್ನೊಂದು ಕಾಡತೂಸಿನ ತಳದಲ್ಲಿ. ಎರಡನ್ನೂ ಪೂರ್ತಿ ಓದಿ. ಗುಂಡಿನ ಅಂದಾಜು ಅಗಲವನ್ನು ಇಂಚಿನಲ್ಲಿ ಹೇಳುವ '.38' ಅಂಕಿ ನೋಡಿ ನಿಲ್ಲಿಸಬೇಡಿ. .38 ಸ್ಪೆಷಲ್ ಬೇರೆ, .38 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಬೇರೆ. ಎರಡನೆಯದು ಗಿಡ್ಡ, ಆದರೆ ದಪ್ಪ. ಡಬ್ಬಿ ಮೇಲಿನ ಹೆಸರನ್ನು ನಂಬಬೇಡಿ. ರೇಂಜಿನ ಮೇಜಿನ ಮೇಲೆ ಡಬ್ಬಿಗಳು ಅದಲುಬದಲಾಗುವುದು ಮಾಮೂಲಿ.

ಹಳೆಯ ಗನ್ ಆದರೆ ಬ್ಯಾರೆಲ್ ಮೇಲಿನ ಬರಹವೂ ಸಾಲದು. .455ರ ಹಳೆಯ ವೆಬ್ಲಿ ಅನ್ನುವ ಬ್ರಿಟಿಷ್ ರಿವಾಲ್ವರ್‌ಗಳಲ್ಲಿ ಬಹಳಷ್ಟರ ಸಿಲಿಂಡರಿನ ಹಿಂಬದಿಯನ್ನು ಯಾರೋ ಸವೆಸಿ, .45 ಎಸಿಪಿ ಅನ್ನುವ ಪಿಸ್ತೂಲ್ ಕಾಡತೂಸು ಹಿಡಿಸುವ ಹಾಗೆ ಮಾಡಿದ್ದಾರೆ. ಗುಂಡು ಚೆನ್ನಾಗಿಯೇ ಕೂರುತ್ತದೆ. ಆದರೆ ಕಾರ್ಖಾನೆಯ ಪೂರ್ಣ ಶಕ್ತಿಯ .45 ಎಸಿಪಿಯ ಒತ್ತಡ ಆ ಗನ್ ತಡೆಯುವಂಥದ್ದಲ್ಲ. ಅಂಥದ್ದು ಕೈಗೆ ಬಂದರೆ ಮೊದಲು ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

2. ಯಾವುದರಲ್ಲಿ ಯಾವುದು

ನಿಯಮ ಸುಲಭ. ಒಂದೇ ವಂಶದ ಗಿಡ್ಡ ಕಾಡತೂಸನ್ನು ಉದ್ದ ಚೇಂಬರಿನಲ್ಲಿ ಹಾರಿಸಬಹುದು, ಉದ್ದದ್ದನ್ನು ಗಿಡ್ಡದರಲ್ಲಿ ಹಾರಿಸಬಾರದು. .357 ಮ್ಯಾಗ್ನಮ್ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಆಗುತ್ತದೆ. .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್ ಆಗುತ್ತದೆ. .327 ಫೆಡರಲ್ ಮ್ಯಾಗ್ನಮ್‌ನಲ್ಲಿ .32 ಎಚ್ ಅಂಡ್ ಆರ್ ಮ್ಯಾಗ್ನಮ್, .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಎರಡೂ ಆಗುತ್ತವೆ.

ತಿರುಗಾಮುರುಗಾ ಯಾಕೆ ಆಗಲ್ಲ ಅಂದರೆ, ಅಮೆರಿಕದ ಗನ್ ಮತ್ತು ಕಾಡತೂಸು ತಯಾರಕರ ಸಂಸ್ಥೆಯಾದ ಸಾಮಿಯ ಮಾನದಂಡದಲ್ಲಿ .38 ಸ್ಪೆಷಲ್‌ನ ಒತ್ತಡದ ಮಿತಿ 17,000 ಪಿಎಸ್ಐ (ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್). .357 ಮ್ಯಾಗ್ನಮ್‌ನದು 35,000. ಎರಡು ಪಟ್ಟಿಗೂ ಜಾಸ್ತಿ. 1935ರಲ್ಲಿ .357 ಬಂದಾಗ ಅದರ ಕೇಸನ್ನು, ಅಂದರೆ ಮದ್ದು ತುಂಬುವ ಲೋಹದ ಕೊಳವೆಯನ್ನು, ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದ್ದೇ .38ರ ಗನ್‌ಗೆ ಹೋಗದಿರಲಿ ಅಂತ. ಆದರೂ ಸಿಲಿಂಡರನ್ನು ಆಮೇಲೆ ಕೊರೆಸಿದ ಹಳೆ ಗನ್‌ಗಳಲ್ಲಿ ಅದು ಹೋಗಿಬಿಡುತ್ತದೆ. ಜಾಸ್ತಿ ಒತ್ತಡದ್ದು ಅಂತ ಹೇಳುವ '+ಪಿ' ಗುರುತಿನ .38 ಇದ್ದರೆ ಅದರ ಮಿತಿ 20,000. ಗನ್ ತಯಾರಕರು ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ.

ಈ ನಿಯಮ ನಂಬಿ ಎಡವುವುದು .22ರಲ್ಲಿ. .22 ಮ್ಯಾಗ್ನಮ್ ಚೇಂಬರ್ ಉದ್ದ ಇದೆಯಲ್ಲ, .22 ಎಲ್ಆರ್ (ಲಾಂಗ್ ರೈಫಲ್) ಹಾಕಿದರೆ ಏನು ಅಂತ ಕೇಳುತ್ತಾರೆ. ಆಗಲ್ಲ. ಮ್ಯಾಗ್ನಮ್ ಕೇಸ್ ಅಗಲದಲ್ಲೂ ದೊಡ್ಡದು. ಎಲ್ಆರ್ ಅದರೊಳಗೆ ಸಡಿಲವಾಗಿ ಕೂತು, ಕೇಸ್ ಸೀಳಿ, ಬಿಸಿ ಗಾಳಿ ಹಿಂದಕ್ಕೆ ಉಗಿಯಬಹುದು. ಎರಡನ್ನೂ ಹಾರಿಸಬೇಕಾದರೆ ಎರಡು ಸಿಲಿಂಡರ್ ಬರುವ ಗನ್ ತೆಗೆದುಕೊಳ್ಳಿ. ರಷ್ಯಾದ ಹಳೆಯ ನಾಗಾಂಟ್ ರಿವಾಲ್ವರ್‌ನಲ್ಲಿ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಹಾರಿಸುವುದೂ ಇದೇ ಜಾತಿಯ ಕೆಟ್ಟ ಉಳಿತಾಯ. ಕೇಸ್ ಉಬ್ಬಿ ಬಿರುಕು ಬಿಟ್ಟು ಹೊರಗೆ ಬರುತ್ತದೆ.

3. ಕಿಟ್ಟದ ಉಂಗುರ ತೆಗೆಯಿರಿ

ಎಲ್ಲರೂ ಮಾಡದೆ ಬಿಟ್ಟುಬಿಡುವ ಹೆಜ್ಜೆ ಇದು. .357ರ ಗನ್‌ನಲ್ಲಿ .38 ಹಾರಿಸುತ್ತಾ ಹೋದರೆ, ಕೇಸಿನ ಬಾಯಿ ಮುಗಿಯುವ ಜಾಗದಲ್ಲಿ ಮಸಿ ಮತ್ತು ಸೀಸ ಸೇರಿ ಗಟ್ಟಿ ಉಂಗುರ ಕಟ್ಟುತ್ತದೆ. .38 ಹಾರಿಸುವಷ್ಟು ದಿನ ಅದು ಗೊತ್ತೇ ಆಗುವುದಿಲ್ಲ. ಒಂದು ದಿನ ಮ್ಯಾಗ್ನಮ್ ಹಾಕುತ್ತೀರಿ. ಕೊನೆಯ ಮೂರು ಮಿಲಿಮೀಟರ್ ಒಳಗೆ ಹೋಗಲ್ಲ. ಆಗ ಬರುತ್ತದೆ ನೋಡಿ, ಆ ಹೆಬ್ಬೆರಳು.

ಒತ್ತಿದರೆ ಏನಾಗುತ್ತದೆ? ಗುಂಡು ಬಿಟ್ಟುಕೊಡಲು ಕೇಸಿನ ಬಾಯಿ ಕೊಂಚ ಅಗಲವಾಗಬೇಕು. ಆ ಜಾಗವನ್ನೇ ಕಿಟ್ಟ ತುಂಬಿದೆ. ಬಾಯಿ ಗುಂಡನ್ನು ಕಚ್ಚಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಆಮೇಲೆ ಖಾಲಿ ಕೇಸ್ ಹೊರಗೆ ಬರಲು ಸುತ್ತಿಗೆ ಹುಡುಕುವ ಸ್ಥಿತಿ.

ಗನ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಕಾಡತೂಸುಗಳು ಆ ಕೋಣೆಯಲ್ಲೇ ಬೇಡ. ಸಿಲಿಂಡರ್ ಹೊರಗೆ ತಿರುಗಿಸಿ, ಬೆಳಕಿನ ಕಡೆ ಹಿಡಿದು ಒಂದೊಂದೇ ಚೇಂಬರ್ ಒಳಗೆ ನೋಡಿ. ಮುಂದಿನ ತುದಿಗೆ ಸ್ವಲ್ಪ ಹಿಂದೆ ಬೂದುಬಣ್ಣದ ಒರಟು ಪಟ್ಟಿ ಕಾಣುತ್ತದೆ. ಅದೇ ಉಂಗುರ. ಸಾಲ್ವೆಂಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಚೇಂಬರಿಗೆ ತುರುಕಿ ಹದಿನೈದು ನಿಮಿಷ ಬಿಡಿ. ತಾಳ್ಮೆ ಇಲ್ಲದವರು ಇಲ್ಲೇ ಕೆಡಿಸುತ್ತಾರೆ. ಕಿಟ್ಟ ನೆನೆಯದೆ ಉಜ್ಜಿದರೆ ಬ್ರಷ್ ಸವೆಯುತ್ತದೆ ಅಷ್ಟೇ.

ಆಮೇಲೆ ಕಂಚಿನ ಬ್ರಷ್. .38ರ ಬ್ರಷ್ ಬ್ಯಾರೆಲ್‌ಗೆ ಸರಿ, ಚೇಂಬರಿಗೆ ಸಡಿಲ. .40 ಅಳತೆಯದನ್ನು ತನ್ನಿ, ಬಿಗಿಯಾಗಿ ಕಚ್ಚುತ್ತದೆ. ಹಿಂದಿನಿಂದ ಹಾಕಿ ಮುಂದಿನಿಂದ ಪೂರ್ತಿ ಹೊರಗೆ ಬರುವ ತನಕ ತಳ್ಳಿ, ಆಮೇಲೆ ಎಳೆಯಿರಿ. ನಡುವೆ ದಿಕ್ಕು ಬದಲಿಸಿದರೆ ಕೂದಲು ಮುರಿಯುತ್ತದೆ. ಉಕ್ಕಿನ ಬ್ರಷ್ ಹತ್ತಿರ ಸುಳಿಯಬೇಡಿ. ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುವ ಅಡ್ಡದಾರಿಯೂ ಬೇಡ. ಸೀಸ ತೆಗೆಯುವ ರಾಸಾಯನಿಕ ಬಟ್ಟೆ ಸ್ಟೇನ್‌ಲೆಸ್ ಗನ್‌ಗೆ ಒಳ್ಳೆಯದು, ಆದರೆ ಬ್ಲೂಯಿಂಗ್ (ತುಕ್ಕು ತಡೆಯುವ ಕಪ್ಪು ಲೇಪ) ಇರುವ ಗನ್‌ಗೆ ಮುಟ್ಟಿಸಿದರೆ ಬಣ್ಣವನ್ನೂ ಒರೆಸಿಕೊಂಡು ಹೋಗುತ್ತದೆ. 'ಎಲ್ಲಾ ಗನ್‌ಗೂ ಆಗುತ್ತೆ' ಅಂತ ಮಾರುವವರ ಮಾತು ಕೇಳಬೇಡಿ.

ಕೊನೆಗೆ ಒಣಬಟ್ಟೆಯಿಂದ ಚೇಂಬರ್ ಪೂರ್ತಿ ಒರೆಸಿ. ಒಳಗೆ ಎಣ್ಣೆ ಉಳಿದರೆ ಕೇಸ್ ಗೋಡೆಗೆ ಹಿಡಿಯದೆ ಹಿಂದಕ್ಕೆ ಜಾಸ್ತಿ ಬಲ ಬೀಳುತ್ತದೆ. ಖಾಲಿ ಕೇಸ್‌ಗಳನ್ನು ಹೊರಗೆ ತಳ್ಳುವ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್‌ನ ಅಡಿಯನ್ನೂ ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಗುಡಿಸಿ. ಸುಡದೆ ಉಳಿದ ಮದ್ದಿನ ನಾಲ್ಕು ಕಾಳು ಅಲ್ಲಿ ಕೂತರೆ ಸಾಕು, ಸಿಲಿಂಡರ್ ಬಿಗಿಯುತ್ತದೆ. ಖಾಲಿ ಕೇಸ್ ಉದುರಿಸುವಾಗ ಬ್ಯಾರೆಲ್ ನೆಟ್ಟಗೆ ಮೇಲಕ್ಕೆ ಹಿಡಿದರೆ ಈ ತೊಂದರೆ ಅರ್ಧ ಕಮ್ಮಿ.

ಸರಿಯಾಯಿತಾ ಅಂತ ಪರೀಕ್ಷೆ ರೇಂಜ್‌ನಲ್ಲಿ ಮಾಡಿ, ಬ್ಯಾರೆಲ್ ಗುರಿ ಕಡೆಗೇ ಇರಲಿ. .357 ಕಾಡತೂಸು ತನ್ನ ಭಾರಕ್ಕೇ ಜಾರಿ ಒಳಗೆ ಕೂರಬೇಕು. ಆರಕ್ಕೆ ಆರೂ.

4. ಒದೆತವನ್ನು ಲೆಕ್ಕ ಹಾಕಿ

'ಮ್ಯಾಗ್ನಮ್ ಒದೆಯುತ್ತೆ' ಅಂತ ಎಲ್ಲರಿಗೂ ಗೊತ್ತು. ಎಷ್ಟು ಅಂತ ಗೊತ್ತಿರುವವರು ಕಮ್ಮಿ. .38ರ ವಾಡ್‌ಕಟರ್ (ಚಪ್ಪಟೆ ಮೂತಿಯ ಟಾರ್ಗೆಟ್ ಗುಂಡು) 148 ಗ್ರೇನ್, ಅಂದರೆ 9.6 ಗ್ರಾಂ. ಸೆಕೆಂಡಿಗೆ ಸುಮಾರು 215 ಮೀಟರ್ ವೇಗ. 1.1 ಕಿಲೋ ತೂಕದ ಗನ್ ಆದರೆ ಅದು 1.9 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದೇ ಗನ್‌ನಲ್ಲಿ 158 ಗ್ರೇನ್‌ನ .357 ಗುಂಡನ್ನು 376 ಮೀಟರ್ ವೇಗದಲ್ಲಿ ಬಿಟ್ಟರೆ 3.5 ಮೀಟರ್. ವೇಗ ಎರಡು ಪಟ್ಟೂ ಆಗಲಿಲ್ಲ ಅಲ್ವಾ? ಆದರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.9 ಜೌಲ್ ಇದ್ದದ್ದು 6.7 ಆಗುತ್ತದೆ. ಮದ್ದಿನ ಗಾಳಿಯ ತಳ್ಳು ಇನ್ನೂ ಸೇರಿಲ್ಲ. ಮ್ಯಾಗ್ನಮ್‌ನಲ್ಲಿ ಮದ್ದೂ ಜಾಸ್ತಿ, ಹಾಗಾಗಿ ನಿಜವಾದ ಅಂತರ ಇನ್ನೂ ದೊಡ್ಡದು.

ತೂಕದ ಆಟವನ್ನೂ ನೋಡಿ. ಅದೇ ಸೌಮ್ಯ ವಾಡ್‌ಕಟರನ್ನು 450 ಗ್ರಾಂನ ಪುಟ್ಟ ರಿವಾಲ್ವರ್‌ನಲ್ಲಿ ಹಾರಿಸಿದರೆ ಗನ್ ಹಿಂದೆ ಬರುವ ವೇಗ 4 ಮೀಟರ್ ದಾಟುತ್ತದೆ. ದೊಡ್ಡ ಗನ್ನಿನ ಮ್ಯಾಗ್ನಮ್‌ಗಿಂತ ಚುರುಕಾಗಿ ಅಂಗೈಗೆ ಬಡಿಯುತ್ತದೆ. ಕಲಿಯುವವರಿಗೆ 'ಚಿಕ್ಕದು, ಹಗುರ, ಸುಲಭ' ಅಂತ ಪುಟ್ಟ ಗನ್ ಕೊಡುವವರು ಇದನ್ನು ಯೋಚಿಸಲಿ.

ನನ್ನ ಸಲಹೆ ಖಡಾಖಂಡಿತ: ಟಾರ್ಗೆಟ್ ಶೂಟಿಂಗ್‌ಗೆ ಭಾರದ ಗನ್, ವಾಡ್‌ಕಟರ್ ಗುಂಡು. ಚಪ್ಪಟೆ ಮೂತಿಯ ಈ ಗುಂಡು ಕಾಗದದಲ್ಲಿ ದುಂಡಗೆ, ಅಂಚು ಹರಿಯದ ತೂತು ಮಾಡುತ್ತದೆ. ಅಂಕ ಎಣಿಸುವಾಗ ಜಗಳ ಇರಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್ಎಸ್ಎಫ್‌ನ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರ್ ಗುಂಡಿಗೆ ಅವಕಾಶವಿದೆ, ಮ್ಯಾಗ್ನಮ್‌ಗೆ ಇಲ್ಲ. ಒದೆತ ಕಡಿಮೆ ಇರುವ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಅಲ್ಲಿ ಮೆಚ್ಚಿನದು. .357 ಚೇಂಬರಿನಲ್ಲಿ .38 ಹಾಕಿದರೆ ನಿಖರತೆ ಹೋಗುತ್ತದೆ ಅನ್ನುವವರಿದ್ದಾರೆ. ಕೈಯಲ್ಲಿ ಹಿಡಿದು 25 ಮೀಟರ್‌ಗೆ ಹೊಡೆಯುವವರ ಕೈನಡುಕ ಆ ವ್ಯತ್ಯಾಸವನ್ನು ಎಂದೋ ನುಂಗಿರುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಒದೆತಕ್ಕೆ ಹೆದರಿ ಮೊದಲೇ ಕೈ ಜಗ್ಗುವ ಚಟ ಇದೆಯಾ ಅಂತ ತಿಳಿಯಲು, ಸಿಲಿಂಡರಿನಲ್ಲಿ ಮದ್ದಿಲ್ಲದ ಒಂದೆರಡು ಡಮ್ಮಿ ಕಾಡತೂಸು ಬೆರೆಸಿ ಕೊಡಲು ಗೆಳೆಯರಿಗೆ ಹೇಳಿ. ಡಮ್ಮಿ ಮೇಲೆ ಕ್ಲಿಕ್ ಅಂದಾಗ ಬ್ಯಾರೆಲ್ ತಗ್ಗಿದರೆ ಉತ್ತರ ಸಿಕ್ಕಿತು.

5. ಗುಂಡು ಬದಲಿಸಿದರೆ ಸೈಟ್ ಬದಲಿಸಿ

ಭಾರದ, ನಿಧಾನದ ಗುಂಡು ಸಾಮಾನ್ಯವಾಗಿ ಗುರಿಗಿಂತ ಮೇಲಕ್ಕೆ ತಗಲುತ್ತದೆ. ಅದು ಬ್ಯಾರೆಲ್ ಬಿಡುವಷ್ಟರಲ್ಲಿ ಗನ್ ಮೂತಿ ಜಾಸ್ತಿ ಎದ್ದಿರುತ್ತದೆ. ಹಗುರದ, ವೇಗದ ಗುಂಡು ಕೆಳಗೆ. ಐದು ಗುಂಡು ಹೊಡೆದು ನೋಡಿ ಆಮೇಲೆ ಸೈಟಿನ, ಅಂದರೆ ಗುರಿ ನೋಡುವ ಕಿಂಡಿಯ, ಸ್ಕ್ರೂ ಮುಟ್ಟಿ.

6. ಕೊನೆಯ ಗುಂಡಿನ ಪರೀಕ್ಷೆ

ಹಗುರ ಗನ್‌ನಲ್ಲಿ ಜೋರು ಕಾಡತೂಸು ಹಾರಿಸುವವರಿಗೆ ಮಾತ್ರ. ಗನ್ ಹಿಂದಕ್ಕೆ ಜಿಗಿದಾಗಲೆಲ್ಲ ಮಿಕ್ಕ ಕಾಡತೂಸುಗಳ ಗುಂಡು ಕೇಸಿನಿಂದ ಚೂರು ಚೂರೇ ಮುಂದೆ ಸರಿಯುತ್ತದೆ. ಗುಂಡಿನ ಮೂತಿ ಸಿಲಿಂಡರಿನಿಂದ ಹೊರಗೆ ಇಣುಕಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಒಂದು ಕಾಡತೂಸಿನ ಉದ್ದ ಕ್ಯಾಲಿಪರ್‌ನಿಂದ ಅಳೆದು, ಅದೇ ಕೊನೆಗೆ ಬರುವಂತೆ ಹಾಕಿ. ಉಳಿದವನ್ನು ಹಾರಿಸಿ, ಅದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಬ್ರ್ಯಾಂಡ್ ಆ ಗನ್‌ಗೆ ಅಲ್ಲ.

ಇನ್ನೊಂದು. ಬೇರೆಯವರು ಮನೆಯಲ್ಲಿ ಮದ್ದು ತುಂಬಿದ ರೀಲೋಡ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಮದ್ದು ಕಮ್ಮಿ ಬಿದ್ದ ಒಂದು ಕಾಡತೂಸು ಸಾಕು, ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. 'ಢಂ' ಬದಲು 'ಪುಸ್' ಅಂದರೆ, ಒದೆತ ಎಂದಿನಂತೆ ಬರದಿದ್ದರೆ, ಎರಡನೇ ಸಲ ಟ್ರಿಗರ್ ಒತ್ತಬೇಡಿ. ಗನ್ ಗುರಿ ಕಡೆಗೇ ಇಟ್ಟು 30 ಸೆಕೆಂಡ್ ಕಾದು, ಸಿಲಿಂಡರ್ ತೆರೆದು ಖಾಲಿ ಮಾಡಿ. ಆಮೇಲೆ ಬ್ಯಾರೆಲ್‌ಗೆ ರಾಡ್ ಹಾಕಿ ನೋಡಿ. ರಾಡ್ ಆಚೆ ಕಡೆಯಿಂದ ಹೊರಗೆ ಬಂದರೆ ಮಾತ್ರ ಮುಂದಿನ ಗುಂಡು.